ದ್ವಾದಶಿಯ ದಿನ ನಾನು ಉಪವಾಸ ಮಾಡಿದ್ದು

ಯಾರು ಏನು ಹೇಳಿದರೂ ಸುಲಭವಾಗಿ ಒಪ್ಪುವವನಲ್ಲ ನಾನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಭೂಮಿ ದುಂಡಗಿದೆ ಎಂಬುದನ್ನೂ ಎರಡು ಸಲ ಲೆಕ್ಕ ಹಾಕಿ ನೋಡಿಯೇ ಒಪ್ಪಿಕೊಂಡವನು. ಆದ್ದರಿಂದ ಪೆರಂಬೂರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿರುವ ಜಿಮ್ಮಿಗೆ ಹೆಂಡತಿ ಪದ್ಮಾ ನನ್ನನ್ನು ಸೇರಿಸಿದಾಗ, ಕಲಿಯುವುದಕ್ಕಲ್ಲ, ಅಲ್ಲಿಯ ತರಬೇತುದಾರಳನ್ನು ತಿದ್ದುವುದಕ್ಕೆ ಹೋಗುತ್ತಿದ್ದೇನೆ ಎಂಬ ಪೂರ್ಣ ವಿಶ್ವಾಸದಿಂದಲೇ ಹೋದೆ.

ಆಕೆಯ ಹೆಸರು ಸೆಲ್ವಿ. ಹಿಂದೆ ಕಬಡ್ಡಿ ಆಡುತ್ತಿದ್ದವಳು. ಮಾತಾಡುವುದು ತಮಿಳು, ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ, ಓದುಗರು ಕ್ಷಮಿಸಬೇಕು.

"ರಾತ್ರಿ ಏಳರ ಮೇಲೆ ಊಟ ಬೇಡ ಸಾರ್."

"ಪುರಾವೆ ಏನು?"

"ಅನ್ನ ಅರ್ಧ ಮಾಡಿ."

"ಅದಕ್ಕೆ ಪುರಾವೆ?"

ಸೆಲ್ವಿ ನನ್ನ ಹೊಟ್ಟೆಯನ್ನು ಒಮ್ಮೆ ನೋಡಿದಳು. "ನೀವೇ ಸಾರ್!"

ಆಮೇಲೆ ಬಸ್ಕಿ ಹೊಡೆಸಿದಳು. ಹದಿನೈದಾಯಿತು ಎಂದೆ. ಒಂಬತ್ತು ಎಂದಳು. ಜಗಳವಾಡಬಹುದಿತ್ತು, ಆದರೆ ಐವತ್ತು ದಾಟಿದ ಮೇಲೆ ನನಗೆ ನನ್ನ ನೆನಪಿನ ಮೇಲೂ ಸಂಶಯ. ಸಂಶಯ ಬಾಡಿಗೆದಾರನ ಹಾಗೆ. ಜಗಲಿ ಸಾಕು ಎಂದು ಬಂದವನು ಕೊನೆಗೆ ಅಡುಗೆಮನೆಯನ್ನೂ ಕೇಳುತ್ತಾನೆ. ಒಂಬತ್ತೇ ಇರಬಹುದು ಎಂದು ಹತ್ತನೆಯದಕ್ಕೆ ಬಗ್ಗಿದೆ.

ನಾನು ಏದುಸಿರು ಬಿಡುತ್ತಿರುವುದನ್ನು ನೋಡಿಕೊಂಡೇ ಆಕೆ ಕೊನೆಯ ಸಲಹೆ ಕೊಟ್ಟಳು. "ಹದಿನೈದು ದಿನಕ್ಕೆ ಒಂದು ದಿನ ಪೂರ್ತಿ ಉಪವಾಸ. ಬರೀ ನೀರು. ಬುಧವಾರ ಶುರು ಮಾಡಿ." ಪುರಾವೆ ಕೇಳಲು ಉಸಿರಿರಲಿಲ್ಲ. ಒಪ್ಪಿಬಿಟ್ಟೆ.

ಬುಧವಾರ ಬೆಳಿಗ್ಗೆ ಪದ್ಮಾ ತಂದ ಕಾಫಿಯನ್ನು ಹಿಂದಕ್ಕೆ ಕಳಿಸಿದೆ. ಎಪ್ಪತ್ತೆಂಟರ ಅಮ್ಮ ಜಪ ನಿಲ್ಲಿಸಿ ಕೇಳಿದಳು: "ಯಾಕೋ ಗುರು, ಕಾಫಿ ಬೇಡ?"

"ಇವತ್ತು ಉಪವಾಸಮ್ಮ."

ಅಮ್ಮನ ಕಣ್ಣಲ್ಲಿ ನೀರು! "ಅಂತೂ ಕೊನೆಗೆ ಏಕಾದಶಿ ಹಿಡಿದ್ಯಲ್ಲೋ!"

ನನ್ನ ತಲೆಯ ಮೇಲೆ ಆಕಾಶ ಕಳಚಿ ಬಿತ್ತು.

ನಾವು ಮಾಧ್ವರು. ಅಮ್ಮ ಅರವತ್ತು ವರ್ಷದಿಂದ ಏಕಾದಶಿಗೆ ನೀರನ್ನೂ ಮುಟ್ಟುವುದಿಲ್ಲ. ನಾನಾದರೋ ಹತ್ತೊಂಬತ್ತನೇ ವಯಸ್ಸಿನಲ್ಲಿ, ಅಪ್ಪನ ರೈಲ್ವೆ ಕ್ವಾರ್ಟರ್ಸಿನ ನಡುಮನೆಯಲ್ಲಿ ನಿಂತು, ಚಂದ್ರನ ಕಲೆಗೂ ಮನುಷ್ಯನ ಜಠರಕ್ಕೂ ಯಾವ ಸಂಬಂಧವೂ ಇಲ್ಲವೆಂದು ಅರ್ಧ ಗಂಟೆ ಭಾಷಣ ಮಾಡಿ ಏಕಾದಶಿ ಬಿಟ್ಟವನು. ನನ್ನ ಜೀವಮಾನದ ಏಕೈಕ ಬಂಡಾಯ ಅದು! ಇವತ್ತು ಹಸಿದಿದ್ದರೆ ಮೂವತ್ತಮೂರು ವರ್ಷದ ವಾದವನ್ನು ಒಂದೇ ದಿನದಲ್ಲಿ ಸೋತಂತೆ.

"ಇದು ಏಕಾದಶಿ ಅಲ್ಲಮ್ಮ. ವೈಜ್ಞಾನಿಕ ಉಪವಾಸ."

"ಏನೂ ತಿನ್ನಲ್ಲ ತಾನೆ?"

"ಇಲ್ಲ."

"ದೇವರಿಗೆ ಅಷ್ಟು ಸಾಕು" ಎಂದು ಅಮ್ಮ ತಿರುವಲ್ಲಿಕ್ಕೇಣಿಯ ಸೀತಾ ಚಿಕ್ಕಮ್ಮನಿಗೆ ಫೋನು ಹಚ್ಚಿದಳು. ಸುದ್ದಿ ಚಿಕ್ಕಮ್ಮನ ಕಿವಿಗೆ ಬಿದ್ದರೆ ಮಧ್ಯಾಹ್ನದೊಳಗೆ ಇಡೀ ಬಳಗಕ್ಕೆ ಗೊತ್ತು: ಗುರು ಶರಣಾದ!

ಓಡಿದೆ. ಮೂಲೆಯ ಹೋಟೆಲಿನಿಂದ ಪೊಂಗಲ್ಲು, ಎರಡು ವಡೆ ಕಟ್ಟಿಸಿಕೊಂಡು ಬಂದು ಅಮ್ಮನ ಎದುರಿಗೇ ಕೂತು ತಿಂದೆ. ಮೊದಲನೆಯ ವಡೆಗೇ ಹೊಟ್ಟೆ ತುಂಬಿತ್ತು. ಎರಡನೆಯದನ್ನು ಸಿದ್ಧಾಂತಕ್ಕಾಗಿ ತಿಂದೆ.

ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು: "ಇಲ್ವೇ ಸೀತಾ... ಇಡು, ಇಡು. ತಿಂತಿದಾನೆ."

ಉಪವಾಸವನ್ನು ಗುರುವಾರಕ್ಕೆ ಮುಂದೂಡಿದೆ. ಗುರುವಾರ ಯಾವ ತಿಥಿ ಎಂದು ಪಂಚಾಂಗ ನೋಡುವ ಅಭ್ಯಾಸ ನನಗಿಲ್ಲವಲ್ಲ! ಬೆಳಗಿನ ಐದೂವರೆಗೆ ಮೂಗೇ ಹೇಳಿತು. ತುಪ್ಪದ ಒಗ್ಗರಣೆ, ಅಗಸೆಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ನೆಲ್ಲಿಕಾಯಿ ಚಟ್ನಿ. ದ್ವಾದಶಿಯ ಪಾರಣೆ! ಹದಿನೈದು ದಿನಕ್ಕೊಮ್ಮೆ ಬರುವ ಈ ಅಡುಗೆಯನ್ನು ನಾನು ಸಿದ್ಧಾಂತಭೇದ ಮರೆತು ಉಣ್ಣುತ್ತ ಬಂದಿದ್ದೆ.

"ಎದ್ದು ಬಾರೋ, ಪಾರಣೆ ಹೊತ್ತು ಮೀರತ್ತೆ."

"ನನಗಿವತ್ತು ಉಪವಾಸ" ಎಂದೆ, ದಿಂಬಿನೊಳಗಿಂದ.

"ದ್ವಾದಶಿ ದಿನ ಯಾರಾದ್ರೂ ಉಪವಾಸ ಇರ್ತಾರೇನೋ! ಮಹಾಪಾಪ ಕಣೋ!"

ಬಾಗಿಲಲ್ಲಿ ಪದ್ಮಾ ಕೈಕಟ್ಟಿ ನಿಂತಳು. "ನಿನ್ನೆ ನಾವು ಉಪವಾಸ ಇದ್ದಾಗ ತಿಂದ್ರಿ. ಇವತ್ತು ನಾವು ತಿನ್ನೋವಾಗ ಉಪವಾಸ. ಯಾರ ಮೇಲೆ ರೀ ಹಠ?"

"ಹಠ ಅಲ್ಲ. ತತ್ವ."

"ಶರಿ, ತತ್ವ ಮುಚ್ಚಿಡ್ತೀನಿ, ಆರದ ಹಾಗೆ" ಎಂದು ಪಾತ್ರೆಗೆ ತಟ್ಟೆ ಮುಚ್ಚಿದಳು.

ಗಿಂಡಿ ಬಡಾವಣೆಯಲ್ಲಿರುವ ನನ್ನ ಆಫೀಸಿಗೆ ರಜೆ ಹೇಳಿದೆ. ಆದರೆ ಮನೆಯ ತುಂಬ ತುಪ್ಪದ ವಾಸನೆ! ತಡೆಯಲಾರದೆ ಹತ್ತು ಗಂಟೆಗೆ ಜಿಮ್ಮಿಗೆ ಇಳಿದೆ. ಉಪವಾಸ ನಿನ್ನೆಯೇ ಮುಗಿಯಿತೆಂದು ಸೆಲ್ವಿ ತಿಳಿದಿದ್ದಳು. ಮುಂದೂಡಿದ್ದೇಕೆ ಎಂದು ವಿವರಿಸಲು ಹೋದರೆ ವಡೆಯ ವಿಷಯವೂ ಬರುತ್ತದೆ. ಸುಮ್ಮನೆ ಬಸ್ಕಿಗೆ ನಿಂತೆ. ಏಳನೆಯದಕ್ಕೆ, ಅಥವಾ ನಾಲ್ಕನೆಯದಕ್ಕೆ, ಕನ್ನಡಿಯಲ್ಲಿ ಇಬ್ಬರು ನಾನು ಕಾಣಿಸಿಕೊಂಡೆವು. ಇಬ್ಬರೂ ದಪ್ಪ. ಮೂರನೆಯ ನಾನು ನೆಲದ ಮೇಲಿದ್ದೆ.

ಸೆಲ್ವಿ ನನ್ನ ರಟ್ಟೆ ಹಿಡಿದು, ಎದುರು ತಂಡದವನನ್ನು ಗೆರೆಯಾಚೆಗೆ ಎಳೆದೊಯ್ಯುವ ಹಾಗೆ ಲಿಫ್ಟಿನಲ್ಲಿ ಮನೆಗೆ ತಂದಳು. ಅಮ್ಮ ಎರಡು ತಟ್ಟೆ ಹಾಕಿದಳು, ನನಗೊಂದು, ಸೆಲ್ವಿಗೊಂದು. ನನ್ನ ತತ್ವ ಇನ್ನೂ ಬೆಚ್ಚಗಿತ್ತು. ಉಣ್ಣತೊಡಗಿದೆ.

ತಿಂಗಳಿಗೆರಡು ಸಲ, ಅರವತ್ತು ವರ್ಷ, ನೀರಿಲ್ಲದೆ ಅಮ್ಮನ ಉಪವಾಸ ಎಂದು ಪದ್ಮಾ ಹೇಳಿದ್ದು ಕೇಳಿ ಸೆಲ್ವಿ ಕೈಯಲ್ಲಿದ್ದ ತುತ್ತನ್ನು ಅಲ್ಲಿಯೇ ನಿಲ್ಲಿಸಿದಳು.

"ಪಾಟಿ!" ಎಂದಳು, ಅಂದರೆ ಅಜ್ಜಿ. "ಮುಂದಿನ ಸಲ ಸಾರ್‌ಗೆ ನಿಮ್ಮ ಜೊತೆನೇ ಉಪವಾಸ. ನೀವೇ ಕಾವಲು."

ಅಮ್ಮ ತಲೆಯಾಡಿಸಿದಳು. "ಬೇಡಮ್ಮ. ಇವನಿಗೆ ಹಸಿವು ತಡೆಯಕ್ಕಾಗಲ್ಲ. ಕಾಲೇಜಲ್ಲಿದ್ದಾಗ ಒಂದು ಏಕಾದಶಿ ದಿನ ಪರೀಕ್ಷೆಯಲ್ಲಿ ತಲೆ ತಿರುಗಿ ಬಿದ್ದ. ಅವತ್ತೇ ನಾನು, ನಿನಗೆ ಬೇಡ ಕಣೋ, ದೇವರಿಗೆ ನಾನು ಹೇಳ್ಕೋತೀನಿ ಅಂತ ತಟ್ಟೆ ಹಾಕಿದೆ. ತಿಂತಾ ತಿಂತಾ ಚಂದ್ರ ಗಿಂದ್ರ ಅಂತ ಏನೋ ಮಾತಾಡ್ತಿದ್ದ, ಪಾಪ."

ಭಾಷಣ ನನಗೆ ಸ್ಪಷ್ಟವಾಗಿ ನೆನಪಿದೆ. ಎತ್ತಿದ ಬಲಗೈ ನೆನಪಿದೆ. ಆದರೆ ಆ ಕೈಯಲ್ಲಿ ಅನ್ನವಿತ್ತೇ? ಎಷ್ಟು ಕೆದಕಿದರೂ ಬೆರಳುಗಳು ಕಾಣಿಸಲಿಲ್ಲ. ಮೂವತ್ತಮೂರು ವರ್ಷದಿಂದ ನಾನು ಯಾರ ವಿರುದ್ಧ ಬಂಡಾಯವೆದ್ದಿದ್ದೆನೋ ಆಕೆಯ ಅನುಮತಿಯ ಮೇಲೆಯೇ ಬಂಡಾಯ ನಡೆಸುತ್ತಿದ್ದೆನೇ?

"ಆಗಲ್ಲ ಅಂದವರು ಯಾರು?" ಎಂದು ಗುಡುಗಿದೆ. "ಮುಂದಿನ ಏಕಾದಶಿ ಮಾಡೇ ಮಾಡ್ತೀನಿ! ನೀರೂ ಮುಟ್ಟಲ್ಲ! ಯಾರು ತಡೀತಾರೋ ನೋಡ್ತೀನಿ!"

ಯಾರೂ ತಡೆಯಲಿಲ್ಲ.

"ಆಗಲಿ ಮಗು" ಎಂದಳು ಅಮ್ಮ. "ಈಗ ಇನ್ನೊಂದು ಸೌಟು ತೊವ್ವೆ ಹಾಕ್ಲಾ?"

ನಾನು ತಟ್ಟೆಯನ್ನು ಮುಂದಕ್ಕೆ ಸರಿಸಿದೆ.