ಹಸೀನಾ ಚಾಚಿಯ ಶಾವಿಗೆ ಮಷಿನ್ನಿಗೆ ನಾನು ಮಾಡಿದ ತಿದ್ದುಪಡಿ

ನಮ್ಮ ಹಿತ್ತಲಿನ ಕೋಣೆಯಲ್ಲಿ ಒಂದು ಸಣ್ಣ ಲೇಥ್ ಇದೆ. ಗದಗಿನ ಗುಜರಿಯಿಂದ ತಂದದ್ದು. ಕಾಲೇಜಿನಲ್ಲಿ ಇತಿಹಾಸದ ಪಾಠ ಮುಗಿಸಿ ಬಂದು ಸಂಜೆ ಅದರ ಮುಂದೆ ನಿಂತು ಕಬ್ಬಿಣ ಕೆತ್ತಿದರೆ ಸಿಗುವ ಸಮಾಧಾನ ನನಗೆ ಇತಿಹಾಸದಲ್ಲಿ ಎಲ್ಲೂ ಸಿಕ್ಕಿಲ್ಲ. ಆ ಕೋಣೆಯನ್ನು ನಾನು ವರ್ಕ್‌ಶಾಪ್ ಎನ್ನುತ್ತೇನೆ. ಹೆಂಡತಿ ಸುಮಾ ‘ಗುಜರಿಯ ಲಕ್ಷ್ಮೇಶ್ವರ ಶಾಖೆ’ ಎನ್ನುತ್ತಾಳೆ.

ಮುಂದೆ ಹೇಳುವುದರಲ್ಲಿ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಸಾಕ್ಷಿ ಹೇಳು ಎಂದು ಕರೆದರೆ ಅದು ನನ್ನ ಪರ ವಕಾಲತ್ತು ಮಾಡುತ್ತದೆ. ಅದಕ್ಕೇ ಬರೆದಷ್ಟನ್ನೂ ಸುಮಾಗೆ ಓದಿ ಹೇಳುತ್ತಿದ್ದೇನೆ. ಆಕೆ ಮೆಂತ್ಯ ಪಲ್ಲೆ ಸೋಸುತ್ತ ತಿದ್ದುತ್ತಿದ್ದಾಳೆ.

ಹೋದ ವರ್ಷ, ರಂಜಾನ್ ಇನ್ನೇನು ಶುರುವಾಗಬೇಕು, ಎದುರು ಮನೆಯ ಹಸೀನಾ ಚಾಚಿ ತಮ್ಮ ಶಾವಿಗೆ ಮಷಿನ್ನಿನ ಹಿಡಿಕೆ ಹಿಡಿದುಕೊಂಡು ಬಂದರು.

“ಸರ್, ಗದಗಿಗೆ ಹೊಂಟೀರೇನು? ಇದರ ಥ್ರೆಡ್ ಸವದೈತಿ. ಸರಳಿಗೆ ಗಟ್ಟಿ ಕುಂಡ್ರವಲ್ದು. ಅಲ್ಲಿ ಯಾರ ಕಡಿಂದರ ಮಾಡ್ಸಿಕೊಂಡು ಬರ್ರಿ.”

“ಗದಗ ಯಾಕ್ರಿ ಚಾಚಿ? ನಾ ಇಲ್ಲೇನು?”

ಚಾಚಿ ಸುಮಾಳ ಮುಖ ನೋಡಿದರು. ಸುಮಾ ಆಕಾಶ ನೋಡಿದಳು.

“ಹಂಗಲ್ರಿ ಸರ್, ಮಗಳ ಮದುವಿ ಆದಮ್ಯಾಲೆ ಮೊದಲ್ನೇ ಈದ್. ಮುಂಡರಗಿ ಬೀಗರು ಬರ್ತಾರ. ಅವರ ಮುಂದ ಅಂಗಡಿ ಶಾವಿಗಿ ಇಟ್ರ ನನ್ನ ಮಾನ ಉಳಿಯೂದಿಲ್ಲ. ರೋಜಾ ಸುರು ಆತಂದ್ರ ಮಷಿನ್ ತಿರಗಸಾಕ ಯಾರ ಕೈಲೂ ಆಗೂದಿಲ್ಲ. ನಾಳಿಗೇ ಹಾಕಬೇಕು.”

“ನಾಳೆ ಮುಂಜಾನಿ ಹೊಸಾದರಂಗ ಕೊಡ್ತೀನಿ!”

ಮಷಿನ್ನಿನ ಸರಳನ್ನೂ ಬಿಚ್ಚಿ ತಂದೆ. ಅದರ ತುದಿಗೇ ಹಿಡಿಕೆ ತಿರುಗಿಸಿ ಕೂಡಿಸಬೇಕು. ಜಗತ್ತಿನ ಬೋಲ್ಟುಗಳೆಲ್ಲ ಬಲಕ್ಕೆ ಬಿಗಿಯಾದರೆ ಇದು ಎಡಕ್ಕೆ ಬಿಗಿಯಾಗುತ್ತಿತ್ತು. ‘ಇದನ್ನು ನಾನು ಗಮನಿಸಲಿಲ್ಲ’ ಎಂದು ಮೊದಲು ಬರೆದಿದ್ದೆ. ಸುಮಾ ಪಲ್ಲೆ ಕೆಳಗಿಟ್ಟಳು.

“ಗಮನಸ್ಲಿಲ್ಲ? ಒಲಿ ಮ್ಯಾಲೆ ಸಾರು ಬಿಡಿಸಿ ನನ್ನ ಕರಕೊಂಡು ಹೋಗಿ ತೋರ್ಸೀರಿ! ‘ಮಾಡಿದಾಂವ ಉಲ್ಟಾ ಕೊರದಾನ, ಇಷ್ಟು ವರ್ಷ ಯಾರೂ ಕಣ್ಣು ತಗದು ನೋಡಿಲ್ಲ’ ಅಂತ ಭಾಷಣ ಮಾಡೀರಿ!”

ಇರಬಹುದು.

ಸದರಿ ದೋಷವನ್ನು ಶಾಶ್ವತವಾಗಿ ನಿವಾರಿಸುವ ಸಲುವಾಗಿ ಹಳೆಯ ಥ್ರೆಡ್ಡನ್ನು ಲೇಥಿನಲ್ಲಿ ಪೂರ್ತಿ ಕೆತ್ತಿ ತೆಗೆದೆ. ಬಲಕ್ಕೆ ಬಿಗಿಯಾಗುವ ಹೊಸದನ್ನು ಕೊರೆದೆ. ಹಿಡಿಕೆಗೂ ಅದಕ್ಕೆ ಹೊಂದುವ ಹೊಸ ಬಾಯಿ ಮಾಡಿ ಕೂಡಿಸಿದೆ. ಎಣ್ಣೆ ಹಚ್ಚಿ ಒರೆಸಿದೆ. ಹೊಳೆಯಿತು!

ಮರುದಿನ ಚಾಚಿಯ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಬೆಂಚಿಗೆ ಮಷಿನ್ ಬಿಗಿದಾಗಿತ್ತು, ಹಿಟ್ಟು ನಾದಿಟ್ಟಾಗಿತ್ತು. ಚಾಚಿಯ ತಂಗಿ ಮೆಹರುನ್ ಬಿಸ್ಮಿಲ್ಲಾ ಎಂದು ಹಿಡಿಕೆ ತಿರುಗಿಸಿದರು. ಶಾವಿಗೆ ಇಣುಕಿ ನೋಡಿತು. ಅಷ್ಟರಲ್ಲಿ ಮಷಿನ್ ನಿಂತಿತು, ಹಿಡಿಕೆ ಮಾತ್ರ ತಿರುಗುತ್ತಲೇ ಇತ್ತು.

“ಸರ್, ಇದು ನನ್ನ ಕೈಯಾಗ ಬಂತಲ್ರಿ!”

“ಹೊಸಾದೈತಿ ನೋಡ್ರಿ, ಇನ್ನೂ ಕೂಡಬೇಕು” ಎಂದು ಮತ್ತೆ ಬಿಗಿದೆ. ಮತ್ತೆ ಬಂತು. ಮನೆಗೆ ಓಡಿ, ಬೋಲ್ಟು ಬಿಗಿಯುವ ದೊಡ್ಡ ಪಾನಾ ತಂದು ಜೀವ ಬಿಟ್ಟು ಬಿಗಿದೆ. ಈ ಸಲ ಹಿಡಿಕೆ ಹಾರಿ ಹಿಟ್ಟಿನ ಪರಾತದಲ್ಲಿ ಬಿತ್ತು.

ಆಗ ತಿಳಿಯಿತು. ಶಾವಿಗೆ ಮಷಿನ್ನನ್ನು ತಿರುಗಿಸುವುದು ಎಡಕ್ಕೆ! ತಿರುಗಿಸಿದಷ್ಟೂ ಬಿಗಿಯಾಗಲಿ ಎಂದೇ ಆ ಪುಣ್ಯಾತ್ಮ ಎಡಕ್ಕೆ ಕೊರೆದಿದ್ದ. ತಿರುಗಿಸಿದಷ್ಟೂ ಬಿಚ್ಚಿಕೊಳ್ಳಲಿ ಎಂದು ನಾನು ತಿದ್ದಿದ್ದೆ.

ಆದರೆ ಓದಿದವನು ಅಷ್ಟು ಸುಲಭಕ್ಕೆ ಸೋಲುತ್ತಾನೆಯೇ?

“ಹಂಗಾದ್ರ ಬಲಕ್ಕ ತಿರಗಸ್ರಿ!”

ತಿರುಗಿಸಿದರು. ಹಿಡಿಕೆ ಅಲ್ಲಾಡಲಿಲ್ಲ. ನನಗೆ ಹೆಮ್ಮೆಯಾಯಿತು. ಒಳಗಿದ್ದ ಹಿಟ್ಟು ಮಾತ್ರ ನಿಧಾನವಾಗಿ ಮೇಲೆದ್ದು, ಹಾಕಿದ ಬಾಯಿಂದಲೇ ಹೊರಗೆ ಬರತೊಡಗಿತು.

“ಸರ್, ಶಾವಿಗಿ ಕೆಳಗ ಬೀಳಬೇಕ್ರಿ” ಎಂದರು ಮೆಹರುನ್. “ಬೀಗರು ಮ್ಯಾಲೆ ನೋಡ್ಕೋತ ಉಣ್ಣಂಗಿಲ್ಲ.”

ಎಲ್ಲರೂ ನಕ್ಕರು. ಚಾಚಿ ನಗಲಿಲ್ಲ. ಬಿಸಿಲು ಏರುತ್ತಿತ್ತು, ಹಿಟ್ಟಿನ ಮೇಲೆ ಪೊರೆ ಕಟ್ಟುತ್ತಿತ್ತು. ಅದಕ್ಕೆ ಹಸಿ ಬಟ್ಟೆ ಮುಚ್ಚುತ್ತ, “ಗದಗಿಗೆ ಕಳಸಿದ್ರ ಆಗ್ತಿತ್ತು” ಎಂದು ಆ ಬಟ್ಟೆಗೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಹೆಂಗಸರ ನಡುವಿಂದ ಸುಮಾ ಎದ್ದು ಬಂದಳು. “ಆ ಪಾನಾದಿಂದ ಸರಳನ್ನ ಕಚ್ಚಿ ಹಿಡದು ತಿರಗಿಸಿದ್ರ? ಹಿಡಕಿ ಯಾಕ ಬೇಕು?”

“ಯಾರು ತಿರಗಸಬೇಕು?”

“ಪಾನಾ ಯಾರದು?”

ಹೀಗೆ ಹಿಡಿಕೆಯಿಲ್ಲದ ಮಷಿನ್ನಿಗೆ ನಾನೇ ಹಿಡಿಕೆಯಾದೆ. ಎಡಕ್ಕೆ! ಮಧ್ಯಾಹ್ನದವರೆಗೂ ಎಡಕ್ಕೆ! ಅಂಗೈಯಲ್ಲಿ ಬೊಬ್ಬೆ ಎದ್ದವು, ಭುಜ ಯಾರದೋ ಅನ್ನಿಸಿತು. ಮಾಳಿಗೆಯ ಮೇಲೆ ಹಾಕಿದ್ದ ಹೊರಸು ಮಂಚಗಳೆಲ್ಲ ಒಣಗಲಿಟ್ಟ ಶಾವಿಗೆಯಿಂದ ತುಂಬಿದವು. ಈದ್ ದಿನ ಬೀಗರು ಆ ಶಾವಿಗೆಯ ಶೀರ್ ಖುರ್ಮಾ ಎರಡೆರಡು ಸಲ ಹಾಕಿಸಿಕೊಂಡರು. “ನಮ್ಮ ಸರ್ ತಿರಗಿಸಿದ್ದು” ಎಂದು ಚಾಚಿ ನನ್ನನ್ನು ತೋರಿಸಿದರು. ನಾನು ಇತಿಹಾಸ ಕಲಿಸುತ್ತೇನೆಂದು ಬೀಗರಿಗೆ ಯಾರೂ ಹೇಳಲಿಲ್ಲ.

ಆಮೇಲೆ ಹಿಡಿಕೆ, ಸರಳು ಎರಡೂ ಗದಗಿಗೆ ಹೋಗಿ, ಎಡಕ್ಕೆ ಬಿಗಿಯಾಗುವುದನ್ನು ಮತ್ತೆ ಕಲಿತು ಬಂದವು. ಈ ವರ್ಷ ಶಾವಿಗೆ ಹಾಕುವ ದಿನ ಚಾಚಿ, “ನೀವೂ ಬರಬೇಕ್ರಿ ಸರ್” ಎಂದು ಕರೆದರು. ನಾನಿಲ್ಲದೆ ಆಗುವುದಿಲ್ಲವಲ್ಲ! ಪಾನಾ ಒರೆಸಿ, ಬಗಲಲ್ಲಿಟ್ಟುಕೊಂಡು ಹೋಗಿ ಬೆಂಚಿನ ಪಕ್ಕದಲ್ಲೇ ಕೂತೆ. ಮಷಿನ್ ಬೆಣ್ಣೆಯಂತೆ ತಿರುಗಿತು. ಯಾರೂ ನನ್ನತ್ತ ನೋಡಲಿಲ್ಲ.

ಬಹಳ ಹೊತ್ತಾದ ಮೇಲೆ ಚಾಚಿಗೆ ನನ್ನ ನೆನಪಾಯಿತು. “ಸರ್, ಖಾಲಿ ಕುಂತೀರಿ. ಮಾಳಗಿ ಮ್ಯಾಲೆ ಹೋಗಿ ಶಾವಿಗಿಗೆ ಕಾಗಿ ಬರದಂಗ ಕಾಯ್ರಿ.”

ಪಾನಾ ಎತ್ತಿ ತೋರಿಸಿದೊಡನೆ ಕಾಗೆಗಳೆಲ್ಲ ಹೆದರಿ ಹಾರಿಹೋದವು ಎಂದು ನನ್ನ ನೆನಪು.

“ನೀವು ನಿದ್ದಿ ಹತ್ತಿ ಬಿದ್ದಿದ್ರಿ” ಎನ್ನುತ್ತಾಳೆ ಸುಮಾ. “ಕಾಗಿ ಪಾನಾದ ಮ್ಯಾಲೆ ಕುಂತಿತ್ತು.”