ಜೇಬೊಳಗಿಂದ ಕೂಗಿದ ನಮ್ಮಾಕೆ

ಇದ್ರಲ್ಲಿ ಒಂದು ಮಾತು ಸುಳ್ಳಿದ್ರೂ ನಮ್ಮನೆ ರೇಷ್ಮೆ ಹುಳ ಒಂದೂ ಗೂಡು ಕಟ್ದೆ ಸಾಯ್ಲಿ. ಎಲ್ಲಾ ನಡೆದಿದ್ದೇ. ಬೇರೆಯೋರಿಗೆ ವರ್ಷಕ್ಕೊಂದು ಫಜೀತಿ ಆದ್ರೆ ನಂಗೆ ವಾರಕ್ಕೊಂದು. ಹುಳ ಸಾಕೋದ್ರಲ್ಲಿ ಮೇಲೂರಲ್ಲೇ ನನ್ನ ಮೀರ್ಸೋನಿಲ್ಲ, ಹೆದ್ರಿಕೆ ಅನ್ನೋದು ನನ್ ಜಾತಕದಲ್ಲೇ ಇಲ್ಲ. ಆದ್ರೂ ಹೋದ್ ವರ್ಷ ಹೆದ್ರಿದ್ದು ನಿಜ.

೧. ಏರೋ ನಂಬರು

ಬಿಪಿ ನೋಡೋ ಆಪು ಮಾಡೋಕೆ ಒಂದಷ್ಟು ಜನ ಊರಿಗೆ ಬಂದ್ರು. ಬಳಸೋರ್ನ ಕೇಳ್ದೆ ಮಾಡಿದ್ರೆ ಯಾರೂ ಬಳಸಲ್ಲ, ನಿಮ್ಮಂಥ ಹಿರೀಕರೇ ಹೇಳ್ಕೊಡಿ ಅಂದ್ಲು ಅವರ ಮೇಡಮ್ಮು. ನಾನೇ ಮೊದಲು ಕೂತೆ. ತೋಳಿಗೆ ಪಟ್ಟಿ ಬಿಗಿದಿದ್ದೇ ಎದೆ ಡಬಡಬ. ಸತ್ತೆ ಅಂದ್ಕಂಡೆ. ತೋರಿಸ್ಕಳ್ಳಿಲ್ಲ.

ನಂಬರು ನೂರೈವತ್ತು ಬಂತು. ಗೂಡಿನ ಮಾರ್ಕೆಟ್‌ನಲ್ಲಿ ಮೊದಲ ರೇಟಿಗೆ ನಾವ್ಯಾರೂ ಹೂಂ ಅನ್ನಲ್ಲ. ಒಪ್ಪಲ್ಲ, ಇನ್ನೊಂದ್ಸಲ ಅಂದೆ. ನೂರ ಐವತ್ತೆಂಟು. ಇನ್ನೂ ಏರ್ತದೆ ತಡೀರಿ ಅಂದೆ. ನೂರ ಅರವತ್ತಾರು. ಗೆದ್ದೋನಂಗೆ ಸುತ್ತ ನೋಡ್ದೆ. ಅವರ ಜೊತೆ ಬಂದಿದ್ದ ನರ್ಸಮ್ಮ ಬೆವರು ಒರೆಸ್ಕಂಡು, "ತಾತಾ, ಇದು ಗೂಡಿನ ರೇಟಲ್ಲ, ಇಳೀಬೇಕು" ಅಂದ್ಲು.

ಇಳಿದ್ರೆ ಖುಷಿಪಡೋ ಯಾಪಾರ ನನ್ ಜನ್ಮದಲ್ಲಿ ನೋಡಿಲ್ಲ.

೨. ಬೈಯೋಕೆ ಯಾರು?

ನಂಗೆ ಬಿಪಿ ಮಾತ್ರೆ ಕೊಟ್ಟು, ಫೋನಿಗೆ ಆಪು ಹಾಕಿದ್ರು. ಮಾತ್ರೆ ಟೈಮಿಗೆ ಅದು "ದಯವಿಟ್ಟು ಮಾತ್ರೆ ತೆಗೆದುಕೊಳ್ಳಿ" ಅಂತ ಜೇನು ಸುರಿಸ್ದಂಗೆ ಹೇಳೋದು. ಇಷ್ಟು ಮರ್ಯಾದೆ ಕೊಟ್ರೆ ನಮ್ ಕಡೆ ಯಾರೂ ಕೇಳಲ್ಲ ಕಣಮ್ಮ, ಬೈಯೋ ಧ್ವನಿ ಹಾಕು ಅಂತ ನಾನೇ ಬುದ್ಧಿ ಹೇಳ್ದೆ. ಯಾರು ಬೈತಾರೆ ಅಂದ್ರು. ನಮ್ಮಾಕೆನ ಕರ್ದೆ. ಅವಳು ಒಂದೇ ಉಸಿರಿಗೆ, "ಏಯ್ ಮುದ್ಕಾ, ಮಾತ್ರೆ ನುಂಗ್ದ್ಯಾ? ನೀನ್ ಸತ್ರೆ ಹುಳಕ್ಕೆ ಸೊಪ್ಪು ಯಾರ್ ಹಾಕ್ತಾರೆ?" ಅಂದ್ಲು. ನಂಬರು ಮಿತಿ ಮೀರಿದ್ರೆ ಹೇಳೋ ಮಾತನ್ನೂ ಅವಳ ಕೈಲೇ ಹೇಳಿಸ್ಕಂಡ್ರು.

ಆವತ್ತಿಂದ ಫೋನು ಕಿಣಿ ಅಂದ್ರೆ ಸಾಕು, ಎದ್ದು ನಿಂತು ಮಾತ್ರೆ ನುಂಗ್ತಿದ್ದೆ. ಆಪು ನೋಡೋಕೆ ಚಿಂತಾಮಣಿಯಿಂದ ಬಂದಿದ್ದ ಮುದುಕಪ್ಪ ಒಂದೇ ಸಲ ಕೇಳಿ ಮೇಡಮ್ಮಿಗೆ ಫೋನು ವಾಪಸ್ ಕೊಟ್ಟ. "ವದ್ದಮ್ಮಾ, ಬ್ಯಾಡ," ಅಂದ, "ನಮ್ಮನೇಲಿ ಒಂದೈತೆ."

೩. ಯಾರ ತೋಳು?

ಮನೆಗೂ ಒಂದು ಬಿಪಿ ಮಿಷಿನ್ ಕೊಟ್ಟಿದ್ರು. ದಿನಾ ಬೆಳಿಗ್ಗೆ ಪಟ್ಟಿ ಕಟ್ಕೋಬೇಕು, ನಂಬರು ತಾನೇ ಆಪಿಗೆ ಹೋಗ್ತದೆ. ನಂಗೆ ಆ ಪಟ್ಟಿ ಕಂಡ್ರೇ ಜೀವ ಹೋಗೋದು. ಒಂದಿನ ನಮ್ಮಾಕೆ ತೋಳಿಗೆ ಕಟ್ಟಿದೆ. ಗಟ್ಟಿ ಹೆಂಗ್ಸು, ಒಳ್ಳೆ ನಂಬರು ಬರ್ತದೆ ಅಂತ. ಎಷ್ಟು ಬಂತು ಅಂತ ನೋಡೋಕೂ ಹೆದ್ರಿಕೆ. ಹಂಗೇ ಗೂಡು ತುಂಬ್ಕಂಡು ಇಬ್ರೂ ಶಿಡ್ಲಘಟ್ಟಕ್ಕೆ ಹೋದ್ವಿ.

ತೋಟದ ಮನೇಲಿ ಇಲ್ದಿದ್ದ ನೆಟ್‌ವರ್ಕು ಮಾರ್ಕೆಟ್‌ನಲ್ಲಿ ಬಂತು. ನಮ್ಮಾಕೆ ಪಕ್ಕದಲ್ಲೇ ಬಾಯ್ ಮುಚ್ಕಂಡು ನಿಂತಿದ್ಲು. ನನ್ ಜೇಬೊಳಗಿಂದ ಅವಳೇ ಕೂಗಿದ್ಲು. "ಏಯ್ ಮುದ್ಕಾ, ನಂಬರು ಮಿತಿ ಮೀರೈತೆ, ಈಗ್ಲೇ ಆಸ್ಪತ್ರೆಗೆ ನಡಿ."

ಆ ತೋಳು ನಂದಲ್ಲ ಅನ್ನೋದೇ ಮರ್ತೋಯ್ತು. ಆಗ ಬಂದಿದ್ದ ರೇಟಿಗೇ ಹೂಂ ಅಂದು, ತೂಕ ಹಾಕ್ಸು ಅಂತ ಅವಳಿಗೆ ಹೇಳಿ ಆಟೋ ಹತ್ದೆ.

ಡಾಕ್ಟ್ರು ನನ್ ಬಿಪಿನೂ ಆಪಿನ ನಂಬರನ್ನೂ ನೋಡಿ, ನಿಂದು ನೆಟ್ಟಗೇ ಐತಲ್ಲ ತಾತ, ಬೆಳಿಗ್ಗೆ ಯಾರ ತೋಳಿಗೆ ಕಟ್ಟಿದ್ದೆ ಅಂದ್ರು. ಹೇಳ್ದೆ.

"ಆಯಮ್ಮ ಈಗೆಲ್ಲಿ?"

"ಮಾರ್ಕೆಟ್‌ನಲ್ಲಿ ಮೂಟೆ ಎತ್ತಿಸ್ತಾವ್ಳೆ."

ಹೇಳ್ತಾ ಹೇಳ್ತಾ ಹೊಳೀತು, ಮಿತಿ ಮೀರಿದ್ದು ಅವಳ್ದು. ಐವತ್ತು ವರ್ಷದಿಂದ ಬೈಕಂಡೇ ನನ್ನ ನಡೆಸ್ದೋಳು. ಓಡ್ದೆ, ಕರ್ಕೊಂಡ್ ಬಂದೆ. ಮಲಗಿಸಿ ಮಾತ್ರೆ ಕೊಟ್ರು. ಸಂಜೆ ಹೊತ್ಗೆ ಇಳೀತು. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸ್ಕಂಡೆ. ಧೂಳು ಬಿದ್ದಿತ್ತು.

ಅವಳು ಕಣ್ ಬಿಟ್ಟೋಳು ಮೊದಲು ಹೇಳಿದ್ದು, "ನೀನ್ ಹೋದ್ಮೇಲೆ ಪಕ್ಕದೋನ ಗೂಡಿಗೆ ಕೆಜಿಗೆ ಎಂಬತ್ತು ಜಾಸ್ತಿ ಬಂತು."

ಅಷ್ಟ್ರಲ್ಲಿ ಅಲ್ಲಿನ ನರ್ಸು ಇನ್ನೊಂದ್ಸಲ ನೋಡಣ ಅಂತ ಪಟ್ಟಿ ತಂದ್ಲು. ಈಗ ಬ್ಯಾಡ ತಾಯಿ ಅಂದೆ. ಅರವತ್ತೆರಡು ಕೆಜಿ ಗೂಡಿಗೆ ನಷ್ಟದ ಲೆಕ್ಕ ಹಾಕ್ತಾವ್ಳೆ, ಮುಗೀಲಿ.

ಮುಗೀತು. ನಾಲ್ಕು ಸಾವಿರದ ಒಂಬೈನೂರ ಅರವತ್ತು ರೂಪಾಯಿ.