ಸದ್ದಿಲ್ಲದ ವಿಮಾನ

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದವರು ಒಳ್ಳೆಯ ಸುದ್ದಿ ತಂದದ್ದು ಪೈಲಟ್‌ನ ಬದುಕಿನಲ್ಲಿ ಒಮ್ಮೆಯೂ ಆಗಿರಲಿಲ್ಲ. ಅಂದು ತಟ್ಟಿದವರು ವಸತಿ ಸಂಘದ ಕಾರ್ಯದರ್ಶಿಗಳು.

"ನೋಡಿ, ನಿಮ್ಮ ವಿಮಾನದ ಗಲಾಟೆ ಕೇಳಿ ಕೇಳಿ ಸಾಕಾಗಿದೆ. ಭಾನುವಾರ ಸಂಜೆ ಒಂದು ಗಳಿಗೆ ನೆಮ್ಮದಿಯಾಗಿ ಕೂರೋ ಹಾಗಿಲ್ಲ. ಇವತ್ತಿಂದ ಸದ್ದಿಲ್ದೆ ಹಾರಿಸ್ತೀರಾ, ಹಾರಿಸಿ. ಇಲ್ವಾ, ಹಿಂದಿನ ಮೈದಾನಕ್ಕೆ ಅದನ್ನ ತರಲೇಬೇಡಿ. ಸಂಜೆ ನಾನೇ ಬಂದು ನೋಡ್ತೀನಿ."

ಪೈಲಟ್ ಎನ್ನುವುದು ನೆರೆಹೊರೆಯವರು ಇಟ್ಟ ಅಡ್ಡಹೆಸರು. ನಿಜವಾದ ವಿಮಾನದ ಒಳಗೆ ಅವನು ಕಾಲಿಟ್ಟವನೇ ಅಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯ ಹಿಂದೆ ಕೂತು, ವಾರದ ಆರು ದಿನ ಊರವರಿಂದೆಲ್ಲ ಬೈಸಿಕೊಳ್ಳುವ ಗುಮಾಸ್ತ. ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಎದುರು ಮಾತಾಡದೆ ಎಡಕ್ಕೆ ತಿರುಗುವ ಆ ಪೆಟ್ರೋಲ್ ವಿಮಾನವೊಂದೇ ಪ್ರಪಂಚದಲ್ಲಿ ಅವನ ಮಾತು ಕೇಳುತ್ತಿದ್ದದ್ದು. ಮೂರು ವರ್ಷ ಕೂತು ತಾನೇ ಕಟ್ಟಿದ್ದ. ರೆಕ್ಕೆ ಜೋಡಿಸಿದರೆ ಊಟದ ಮೇಜಿಗಿಂತ ಉದ್ದ. ಅದೂ ಹೋದರೆ ಭಾನುವಾರಕ್ಕೂ ಸೋಮವಾರಕ್ಕೂ ಏನು ವ್ಯತ್ಯಾಸ ಉಳಿಯಿತು?

"ಮಂಚದ ಕೆಳಗೆ ಕರೆಂಟಿನ ಮೋಟಾರು ತಂದಿಟ್ಟು ಎಷ್ಟು ಕಾಲ ಆಯ್ತು? ಅದನ್ನೇನು ಮೊಮ್ಮಕ್ಕಳಿಗೆ ಅಂತ ಇಟ್ಟಿದೀರಾ?" ಎಂದಳು ಹೆಂಡತಿ. "ಮೊದಲು ಆ ಎಂಜಿನ್ನು ಆಚೆ ಹಾಕಿ. ಬಂದವರೆಲ್ಲ ಇದು ಮನೆಯೋ ಪೆಟ್ರೋಲ್ ಬಂಕೋ ಅಂತಾರೆ."

ಪೈಲಟ್ ಎಂಜಿನ್ ಬಿಚ್ಚಿದ. ಮಗುವನ್ನು ತೊಟ್ಟಿಲಿಂದ ಎತ್ತುವಂತೆ ಎತ್ತಿ, ಬಟ್ಟೆಯಲ್ಲಿ ಸುತ್ತಿ, ಬಾಗಿಲ ಬಳಿ ಇಟ್ಟ. ಕೈಯ ಎಣ್ಣೆ ತೊಳೆದು ಬರುವಷ್ಟರಲ್ಲಿ ಹೆಂಡತಿ ಅದನ್ನು ಕೆಳಗೆ ಕೂಗುತ್ತಿದ್ದ ಗುಜರಿಯವನಿಗೆ ದಾಟಿಸಿಯಾಗಿತ್ತು. ಪೈಲಟ್ ತಲೆ ಮೇಲೆ ಕೈ ಹೊತ್ತು ಕೂತ. ಇನ್ನು ಹಿಂದೆ ಹೋಗುವ ಮಾತೇ ಇರಲಿಲ್ಲ.

ಸುದ್ದಿ ಮೆಟ್ಟಿಲು ಹತ್ತಿಳಿಯಲು ಹೊತ್ತು ಬೇಕಾಗಲಿಲ್ಲ. ಎದುರು ಮನೆಯ ಎಲೆಕ್ಟ್ರಿಷಿಯನ್ ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದ. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಬರಿಗೈಯಲ್ಲಿ ಬಂದರು, ಸಲಹೆಗೆ ಸಲಕರಣೆ ಏಕೆ?

"ಕರೆಂಟಿನ ವಿಷಯ ನಂಗೆ ಬಿಡಿ," ಎಂದು ಎಲೆಕ್ಟ್ರಿಷಿಯನ್ ಮೋಟಾರನ್ನು ಕಸಿದುಕೊಂಡ. "ಮೂರು ತಂತಿ ಇದೆ ಅಲ್ವಾ? ಒಂದು ಫೇಸು, ಒಂದು ನ್ಯೂಟ್ರಲ್ಲು, ಒಂದು ಅರ್ಥು. ಮುಗೀತು."

"ಇದು ಮನೆ ವೈರಿಂಗ್ ಅಲ್ಲಪ್ಪ. ಮೂರರಲ್ಲೂ ಕರೆಂಟು ಹೋಗುತ್ತೆ..."

"ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಸಾರ್. ಅರ್ಥ್ ಕೊಡ್ದೆ ಬಿಟ್ರೆ ಶಾಕ್ ಹೊಡೆಯುತ್ತೆ."

"ಹಾರೋ ವಸ್ತುವಿಗೆ ಅರ್ಥ್ ಎಲ್ಲಿಂದ ಕೊಡ್ತೀಯ?"

ಎಲೆಕ್ಟ್ರಿಷಿಯನ್ ಮೂರನೆಯ ತಂತಿಗೆ ಉದ್ದದ ವೈರು ಸೇರಿಸಿ ಬಚ್ಚಲ ನಲ್ಲಿಗೆ ಕಟ್ಟಿದ. ಮೋಟಾರು ಜ್ವರ ಬಂದವರಂತೆ ನಡುಗಿತೇ ಹೊರತು ತಿರುಗಲಿಲ್ಲ. "ಮೋಟಾರೇ ಸರಿ ಇಲ್ಲ ಬಿಡಿ," ಎಂದು ಅವನು ಕೈ ಝಾಡಿಸಿದ. ಪೈಲಟ್ ಹಲ್ಲು ಕಚ್ಚಿಕೊಂಡು ಆ ವೈರನ್ನು ಕಿತ್ತೆಸೆದು, ಮೋಟಾರಿನ ಮೂರು ತಂತಿಗಳನ್ನೂ ಅದರ ವೇಗ ನಿಯಂತ್ರಿಸುವ ಪುಟ್ಟ ಪೆಟ್ಟಿಗೆಯ ಮೂರು ತಂತಿಗಳಿಗೆ ಸೇರಿಸತೊಡಗಿದ.

"ಬಣ್ಣಕ್ಕೆ ಬಣ್ಣ ಸೇರ್ಸಿ," ಎಂದರು ಹೆಡ್‌ಮಾಸ್ತರು.

"ಇದರಲ್ಲಿ ಹಾಗೆ ಅಂದಾಜು ಮಾಡೋಕಾಗಲ್ಲ ಸಾರ್. ಯಾವುದಾದ್ರೂ ಎರಡು ಅದಲುಬದಲಾದ್ರೆ ಉಲ್ಟಾ ತಿರುಗುತ್ತೆ. ಫ್ಯಾನ್ ರೆಕ್ಕೆ ಹಾಕೋಕೆ ಮುಂಚೆ ತಿರುಗಿಸಿ ನೋಡಬೇಕು."

"ಶಿಸ್ತು ಅಂದ್ರೆ ಶಿಸ್ತು. ಬಣ್ಣಕ್ಕೆ ಬಣ್ಣ!" ಎಂದು ಅವರು ಗದರಿದರು. ಶಾಲೆ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಆ ದನಿಗೆ ಪೈಲಟ್‌ನ ಕೈ ತಾನಾಗಿ ಬಣ್ಣಕ್ಕೆ ಬಣ್ಣ ಸೇರಿಸಿತು. ಅಷ್ಟರಲ್ಲಿ ಎಲೆಕ್ಟ್ರಿಷಿಯನ್, ಸಹಾಯ ಮಾಡಿದ ಪುಣ್ಯ ತನಗೂ ಇರಲೆಂದು, ಮೋಟಾರನ್ನು ವಿಮಾನದ ಮೂತಿಗೆ ಕೂರಿಸಿ ಫ್ಯಾನನ್ನೂ ಬಿಗಿದುಬಿಟ್ಟಿದ್ದ.

ಮೂತಿ ಗೋಡೆಗಿದೆ, ಎಲ್ಲಿಗೂ ಹೋಗದು ಎಂಬ ಧೈರ್ಯದಲ್ಲಿ ಪೈಲಟ್ ಕಡ್ಡಿಯನ್ನು ಕೊಂಚ ಮುಂದಕ್ಕೆ ತಳ್ಳಿದ. ವಿಮಾನ ಹಿಂದಕ್ಕೆ ಹೊರಟಿತು. ಸೋಫಾದ ಪಕ್ಕದಿಂದ ಸಾಗಿ, ಅಡಿಗೆಮನೆಯ ಬಾಗಿಲು ದಾಟಿ, ಬಾಲದಿಂದ ಹಿಟ್ಟಿನ ಡಬ್ಬವನ್ನು ಉರುಳಿಸಿತು. ಆಮೇಲೆ ಫ್ಯಾನಿನ ಗಾಳಿ ಉಳಿದ ಕೆಲಸ ಮಾಡಿತು. ಒಳಗಿದ್ದ ಹೆಂಡತಿ ಹೊರಬಂದಾಗ ಹುಬ್ಬಿನವರೆಗೂ ಬಿಳಿಯಾಗಿದ್ದಳು. ಪೊರಕೆ ತಂದು ಪೈಲಟ್‌ನ ಕೈಗಿಟ್ಟು ಹೋದಳು.

ಎರಡು ತಂತಿ ಬದಲಿಸಿದ್ದಾಯಿತು. ಈಗ ತೂಕದ ತಾಪತ್ರಯ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ತಕ್ಕಡಿಯಂತೆ ಸಮನಾಗಿ ನಿಲ್ಲಬೇಕು. ಭಾರದ ಎಂಜಿನ್ ಹೋಗಿ ಹಗುರ ಮೋಟಾರು ಬಂದಿದ್ದರಿಂದ ಬಾಲ ಕೆಳಗೆ ಜೋತಿತು. ಬ್ಯಾಟರಿಯನ್ನು ಮುಂದೆ ತಳ್ಳಲು ಪೈಲಟ್ ಎಂಜಿನ್ ಕೂರುತ್ತಿದ್ದ ಹಲಗೆಯನ್ನೇ ಗರಗಸದಿಂದ ಕೊಯ್ದ. ಮೂರು ವರ್ಷದ ಕೆಲಸ ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. ಅಷ್ಟಾದರೂ ಬಾಲ ಏಳಲಿಲ್ಲ. ಕೊನೆಗೆ ಹೆಡ್‌ಮಾಸ್ತರು ಮೇಲೆ ಹೋಗಿ ತಮ್ಮ ಮನೆಯ ಹಿತ್ತಾಳೆ ಬೀಗ ತಂದು ಮೂತಿಯೊಳಗೆ ಕಟ್ಟಿಸಿದರು. ಸಮ ನಿಂತಿತು! ಇಡೀ ದಿನದಲ್ಲಿ ಕೆಲಸಕ್ಕೆ ಬಂದ ಸಲಹೆ ಅದೊಂದೇ.

ಸಂಜೆ ಮೈದಾನದಲ್ಲಿ ಕಟ್ಟಡಕ್ಕೆ ಕಟ್ಟಡವೇ ಸೇರಿತ್ತು. ಪೈಲಟ್‌ನ ಹೆಂಡತಿಯೂ ತಲೆಯ ಹಿಟ್ಟು ಕೊಡವಿಕೊಂಡು ಬಂದಿದ್ದಳು. ಕಾರ್ಯದರ್ಶಿಗಳು ಕೈ ಹಿಂದೆ ಕಟ್ಟಿ ಎಲ್ಲರಿಗಿಂತ ಮುಂದೆ ನಿಂತಿದ್ದರು. ಪೈಲಟ್ ಕಡ್ಡಿ ತಳ್ಳಿದ.

ವಿಮಾನ ಹುಲ್ಲಿನ ಮೇಲೆ ಓಡಿ ಎದ್ದೇಬಿಟ್ಟಿತು. ಮೇಲೆ ಹೋದಂತೆ ಸಣ್ಣ ಗುಂಯ್ ಎನ್ನುವ ದನಿಯೂ ಕರಗಿತು. ಹದ್ದಿನಂತೆ ತೇಲುತ್ತಾ ದೊಡ್ಡ ಸುತ್ತು ಹಾಕಿತು. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರು. ಪೈಲಟ್‌ನ ಕಣ್ಣು ತುಂಬಿ ಬಂತು.

ಆ ನಿಶ್ಶಬ್ದದಲ್ಲಿ ಮೊದಲ ಮಹಡಿಯ ಕಿಟಕಿಯಿಂದ ಒಂದು ದನಿ ಮೈದಾನದ ಆ ತುದಿಯವರೆಗೂ ಕೇಳಿಸಿತು. ಕಾರ್ಯದರ್ಶಿಗಳ ಹೆಂಡತಿ ಪ್ರತಿ ಭಾನುವಾರದಂತೆ ತಂಗಿಗೆ ಫೋನ್ ಮಾಡಿದ್ದರು. ಇಷ್ಟು ಕಾಲ ಎಂಜಿನ್ನಿನ ಸದ್ದನ್ನು ಮೀರಿ ಕೂಗಿ ಕೂಗಿ ಪಳಗಿದ ಗಂಟಲು ಅದು.

"ಹೊರಗೆ ದೊಡ್ಡ ಕಾರ್ಯದರ್ಶಿ ಕಣೇ! ಮನೇಲಿ ಜಿರಳೆ ಕಂಡ್ರೆ ಮಂಚ ಹತ್ತಿ ನನ್ನ ಕೂಗ್ತಾರೆ! ಏನು? ಭಾಷಣಾನಾ? ಅಯ್ಯೋ, ಅದನ್ನೂ ನಾನೇ ಬರ್ದು ಕೊಡ್ಬೇಕು! ಬಚ್ಚಲಲ್ಲಿ ನಿಂತು ಬಾಯಿಪಾಠ ಮಾಡ್ತಾರೆ, ಆದ್ರೂ ಮಧ್ಯದಲ್ಲಿ ಮರ್ತೋಗ್ತಾರೆ!"

ಯಾರೂ ನಗಲಿಲ್ಲ. ನಗದಿರಲು ಎಲ್ಲರೂ ಬಹಳ ಕಷ್ಟಪಟ್ಟರು. ವಿಮಾನ ಹೂವಿನಂತೆ ನೆಲಕ್ಕಿಳಿದರೂ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಕಾರ್ಯದರ್ಶಿಗಳ ಕಿವಿ ಕೆಂಪಾಗಿತ್ತು. "ಇದು ಅಪಾಯ ಕಣ್ರೀ," ಎಂದರು. "ಹಿಂದಿನಿಂದ ಬಂದು ತಲೆಗೆ ಬಡಿದ್ರೂ ಗೊತ್ತಾಗಲ್ಲ. ಮುಂದಿನ ವಾರದಿಂದ ಸದ್ದು ಬರೋದಾದ್ರೆ ಮಾತ್ರ ಹಾರಿಸಿ. ಇಲ್ದಿದ್ರೆ ಇಲ್ಲಿಗೆ ತರ್ಬೇಡಿ."

"ಬೆಳಿಗ್ಗೆ ನೀವೇ ತಾನೇ ಸದ್ದು ಬೇಡ ಅಂದಿದ್ದು!"

"ಬೆಳಿಗ್ಗೆ ಬೇರೆ, ಈಗ ಬೇರೆ."

"ಹೌದು ಸಾರ್, ಒಂಚೂರು ಸದ್ದಿದ್ರೇ ಚೆಂದ," ಎಂದ ಎಲೆಕ್ಟ್ರಿಷಿಯನ್, ತನ್ನ ಮನೆಯ ಕಿಟಕಿಯತ್ತ ಕಳ್ಳನೋಟ ಬೀರುತ್ತಾ. ಹೆಡ್‌ಮಾಸ್ತರು ಆಗಲೇ ತಮ್ಮ ಮನೆಯ ಕಿಟಕಿ ಮುಚ್ಚಲು ದಾಪುಗಾಲು ಹಾಕುತ್ತಿದ್ದರು.

ಪೈಲಟ್‌ಗೆ ಅಳುವುದೋ ಕೂಗಾಡುವುದೋ ತಿಳಿಯಲಿಲ್ಲ. ವಿಮಾನವನ್ನು ಎದೆಗವಚಿಕೊಂಡು ಹೆಂಡತಿಯ ಕಡೆ ತಿರುಗಿದ.

"ನೀನಾದ್ರೂ ಹೇಳೇ ಇವರಿಗೆ. ಸದ್ದಿಲ್ದೆ ಎಷ್ಟು ಚೆನ್ನಾಗಿದೆ ಅಲ್ವಾ?"

ಅವಳು ತಲೆ ಎತ್ತಲಿಲ್ಲ. ವಿಮಾನದ ಬಾಲಕ್ಕೆ ಅಂಟಿದ್ದ ಹಿಟ್ಟನ್ನು ನಿಧಾನವಾಗಿ ಒರೆಸಿದಳು.

"ಗುಜರಿಯವನ ಅಂಗಡಿ ನಂಗೊತ್ತು. ಈಗ್ಲೇ ಹೋಗಿ ಆ ಎಂಜಿನ್ನು ತಗೊಂಡ್ ಬನ್ನಿ," ಎಂದಳು. "ನಾನೂ ಭಾನುವಾರ ಸಂಜೇನೇ ನಮ್ಮಕ್ಕಂಗೆ ಫೋನ್ ಮಾಡೋದು."